ಅಂಬಮ್ಮ ಉಣ್ಣುವ ಭಾನುವಾರ

ಅಂಬಮ್ಮ ಹೊಟ್ಟೆ ತುಂಬ ಉಣ್ಣುತ್ತಿದ್ದದ್ದು ವಾರಕ್ಕೊಂದೇ ದಿನ. ಮಿಕ್ಕ ದಿನ ಗಂಡ ಗಿರಿಯಪ್ಪ ತಟ್ಟೆ ಹಿಡಿದು ಎದುರಿಗೆ ಕೂತರೆ, "ಎಲ್ಲಾರ್ದೂ ಆಯ್ತಾ?" ಎಂದು ಕೇಳುತ್ತಿದ್ದಳು. ಆಯ್ತು ಅಂದರೆ ನಂಬುತ್ತಿರಲಿಲ್ಲ. ಹದಿನಾಲ್ಕು ಜನರ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ ಎಲ್ಲರ ಕೊನೆಗೆ ಉಂಡವಳು. ಮರೆವು ಮಕ್ಕಳ ಹೆಸರನ್ನೂ ಒಯ್ದಿತ್ತು, ಆ ಕಾಯುವುದೊಂದನ್ನು ಮಾತ್ರ ಬಿಟ್ಟುಹೋಗಿತ್ತು. ಸೊಸೆ ಪ್ರತಿಮಾ ಗಂಜಿಯನ್ನು ಹೇಗೋ ನಾಲ್ಕು ಗುಟುಕು ಕುಡಿಸುತ್ತಿದ್ದಳು.

ಗಿರಿಯಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಹಳಿ ಪಕ್ಕ ಮೂರು ಕಲ್ಲಿಟ್ಟು ಇಪ್ಪತ್ತು ಜನಕ್ಕೆ ಬೇಯಿಸಿದ ಕೈ. ನಿವೃತ್ತನಾದ ಮೇಲೆ ಅಜ್ಜಂಪುರದ ಸ್ಟೇಷನ್ ಹಿಂದಿನ ಬುದ್ಧ ವಿಹಾರದಲ್ಲಿ ಭಾನುವಾರದ ಊಟದ ಅಡುಗೆ ಅವನದೇ. ಅನ್ನ, ಅವರೆಕಾಳು ಸಾರು, ಕುಂಬಳಕಾಯಿ ಪಲ್ಯ.

"ಮೂಳೆ ಇಲ್ದಿರೋ ಸಾರೂ ಒಂದು ಸಾರೇನ್ಲಾ?" ಎಂದು ಹಳೆಯ ಜೊತೆಗಾರರು ಕೆಣಕಿದರೆ, "ಮೊದ್ಲು ಉಂಡು ಆಮೇಲೆ ಮಾತಾಡ್ರಲಾ" ಅನ್ನುತ್ತಿದ್ದ.

ವಿಹಾರದಲ್ಲಿ ಬಡಿಸುವವರು ಬೇರೆ, ಉಣ್ಣುವವರು ಬೇರೆ ಅಂತಿಲ್ಲ. ಬಡಿಸಿದ ಮೇಲೆ ಬಕೆಟ್ಟುಗಳನ್ನು ನಡುವೆ ಇಟ್ಟು ಎಲ್ಲರೂ ಕೂರುತ್ತಾರೆ, ಅಡುಗೆಯವನೂ. ಗಂಟೆ ಬಾರಿಸಿದಾಗ ಎಲ್ಲರ ಕೈಯೂ ಒಟ್ಟಿಗೆ ಬಾಯಿಗೆ ಹೋಗುತ್ತದೆ. ಮೊದಲ ಸಲ ಬಂದ ದಿನ ಅಂಬಮ್ಮ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ನಿಂತವರು ಒಬ್ಬರೂ ಇರಲಿಲ್ಲ. ತಾನೇ ಕಲಸಿಕೊಂಡು ಉಂಡಳು. ಮತ್ತೆ ಅನ್ನ ಹಾಕಿಸಿಕೊಂಡಳು. ಮನೆಯಲ್ಲೂ ಹಾಗೇ ನಾಲ್ಕು ಜನ ಸಾಲಾಗಿ ಕೂತು ನೋಡಿದರು. "ಮಿಕ್ಕೋರು?" ಎಂದು ಅವಳು ಬಾಗಿಲು ನೋಡಿದಳು.

ತರೀಕೆರೆಯ ಡಾಕ್ಟರು ತೂಕ ನೋಡಿದರು. ಮೂವತ್ತಮೂರು ಕೆಜಿ. "ಸೋಮವಾರ ಕರ್ಕೊಂಡ್ ಬನ್ನಿ. ಇನ್ನೂ ಇಳಿದಿದ್ರೆ ಮೂಗಿಗೆ ಪೈಪ್ ಹಾಕ್ಬೇಕು. ಕಿತ್ಕೊಳ್ದಂಗೆ ಕೈ ಕಟ್ಬೇಕಾಗುತ್ತೆ."

ನಡುವೆ ಉಳಿದದ್ದು ಒಂದೇ ಭಾನುವಾರ. ಅಂದು ವೈಶಾಖ ಹುಣ್ಣಿಮೆಯ ಕಾರ್ಯಕ್ರಮ. ಕಡೂರು, ಯಗಟಿಗಳಿಂದ ವ್ಯಾನುಗಳಲ್ಲಿ ಜನ ಬಂದಿಳಿದರು. ಗಿರಿಯಪ್ಪ ಇನ್ನೊಂದು ಒಲೆ ಹಚ್ಚಿದ. ಹಾಲ್ ತುಂಬಿ, ಜಾಗ ಸಿಗದವರು ಗೋಡೆಗೊರಗಿ ಎರಡನೇ ಪಂಕ್ತಿಗೆ ಕಾದು ನಿಂತರು.

ವಿಹಾರ ನೋಡಿಕೊಳ್ಳುವ ಮಹೇಂದ್ರ ಹಿಗ್ಗಿಹೋಗಿದ್ದ. "ನೋಡು ದೊಡ್ಡಪ್ಪ, ಜಾಗನೇ ಸಾಲ್ದು!"

ಗಂಟೆ ಹೊಡೆಯಿತು. ಅಂಬಮ್ಮ ಅನ್ನಕ್ಕೆ ಕೈ ಹಾಕುವ ಮುಂಚೆ ತಲೆಯೆತ್ತಿದಳು. ಗೋಡೆಯುದ್ದಕ್ಕೂ ನಿಂತವರನ್ನು ನೋಡಿದಳು. ಕೈ ಹಿಂದಕ್ಕೆ ಬಂತು. ಎದ್ದು ಸಾರಿನ ಬಕೆಟ್ ಎತ್ತಿಕೊಂಡಳು.

"ನಿಂತೋರ್ನ ಒಸಿ ಆಚೆ ಕಳ್ಸಪ್ಪ, ಅವ್ಳ ಕಣ್ಣಿಗೆ ಬೀಳ್ದಂಗೆ" ಎಂದು ಗಿರಿಯಪ್ಪ ಮಹೇಂದ್ರನ ಕಿವಿಯಲ್ಲಿ ಅಂದ.

ಮಹೇಂದ್ರನ ಮುಖ ಸಪ್ಪಗಾಯಿತು. "ನಾನ್ ಹೆಂಗ್ ಹೇಳ್ಲಿ? ನೀನೇ ಹೇಳು ದೊಡ್ಡಪ್ಪ."

ಗಿರಿಯಪ್ಪ ಗೋಡೆಯ ಹತ್ತಿರ ಹೋದ. ಯಗಟಿಯ ಮುದುಕನೊಬ್ಬ ಕೈಯೆತ್ತಿ, "ಜೈ ಭೀಮ್ ಅಣ್ಣ" ಅಂದ. ಗಿರಿಯಪ್ಪ ಬಾಯಿ ತೆರೆದ. ಊರವರ ಮದುವೆಗಳಲ್ಲಿ ಅವನಪ್ಪ ಬೇಲಿಯಾಚೆ ತಟ್ಟೆ ಹಿಡಿದು ನಿಲ್ಲುತ್ತಿದ್ದ; ಅಪ್ಪನ ಪಂಚೆ ಹಿಡಿದು ಅವನೂ ನಿಂತಿದ್ದ. ಆಚೆ ನಿಲ್ಲಿ ಅನ್ನುವ ಎರಡು ಮಾತಿಗೆ ಅವನ ನಾಲಗೆ ಹೊರಳಲಿಲ್ಲ.

"ಇನ್ನೇನ್ ಆಗೋಯ್ತು ಕಣಣ್ಣ, ಅನ್ನ ಬೇಯ್ತಾ ಐತೆ" ಎಂದಷ್ಟೇ ಹೇಳಿ ಹಿಂದಿರುಗಿದ.

ಮೂರು ಪಂಕ್ತಿ ಎದ್ದಿತು. ಅಂಬಮ್ಮ ಮೂರಕ್ಕೂ ಸಾರು ಬಡಿಸಿದಳು. ಮಾವನ ಕಣ್ಣು ನೋಡಲಾರದೆ ಪ್ರತಿಮಾ ಪಾತ್ರೆ ತೊಳೆಯಲು ಹೋದಳು. ವ್ಯಾನುಗಳು ಹೊರಟವು. ಗಿರಿಯಪ್ಪ ತಳದ ಅನ್ನ ಕೆರೆದು ಎರಡು ಎಲೆಗೆ ಹಾಕಿದ.

"ಬಾ, ಈಗ ಯಾರೂ ಉಳಿದಿಲ್ಲ ಕಣೇ. ದೇವ್ರಾಣೆ ನಿಜ."

ಅಂಬಮ್ಮ ಬಾಗಿಲಾಚೆ ಇಣುಕಿ ನೋಡಿದಳು. ಯಾರೂ ಇರಲಿಲ್ಲ. ಮುಖ ಅರಳಿತು. ನಲ್ಲಿಗೆ ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಅವನ ಎಲೆಯ ಮುಂದೆ ನಿಂತಳು.

"ನಂದು ಊಟ ಆಗಿ ಬಾಳ ಹೊತ್ತಾಯ್ತು. ನೀವು ಉಣ್ಣಿ."

ಕೂರು ಅಂದ, ಕೂರಲಿಲ್ಲ. ಗಿರಿಯಪ್ಪನ ಎಲೆ ಖಾಲಿಯಾಗುವ ತನಕ ಅವಳು ನಿಂತೇ ಇರುವವಳು. ಅವಳ ಕಾಲು ನಡುಗುವುದನ್ನು ನೋಡಿ ಅವನು ಬೇಗ ಬೇಗ ಉಂಡ.