ಅಮ್ಮ ನೆಂಟಳಾದ ಮೇಲೆ

ಬೀದಿಯವರು ಅವಳಿಗೆ ಛತ್ರದಮ್ಮ ಅಂತ ಹೆಸರಿಟ್ಟಿದ್ದರು. ಆಸ್ಪತ್ರೆಯಲ್ಲಿ ಆಯಾ ಆಗಿದ್ದಷ್ಟು ಕಾಲವೂ ಅವಳು ಕೆಲಸ ಮುಗಿಸಿ ಒಬ್ಬಳೇ ಮನೆಗೆ ಬಂದದ್ದು ಕಡಿಮೆ. ರೋಗಿಗಳ ಜೊತೆ ಬಂದು, ಇರಲು ಜಾಗವಿಲ್ಲದೆ ವರಾಂಡದಲ್ಲಿ ಮುದುರಿ ಕೂತವರನ್ನು ಹಿಂದೆ ಕಟ್ಟಿಕೊಂಡೇ ಬರುತ್ತಿದ್ದಳು. ಬಂದವರಿಗೆ ಸ್ನಾನಕ್ಕೆ ಬಿಸಿನೀರು, ಊಟ, ಮಲಗಲು ಮಗಳ ಮಂಚ. ಮಗಳಿಗೆ ಅಡುಗೆಮನೆಯ ಚಾಪೆ.

“ನಾನು ನಿನ್ನ ಮಗಳೋ, ಈ ಛತ್ರದ ಕೆಲಸದವಳೋ?” ಅಂತ ಹುಡುಗಿ ಮೂತಿ ಉಬ್ಬಿಸುತ್ತಿದ್ದಳು.

“ಯೇಸಪ್ಪ ಬರ್ತಾನೆ ಅಂತ ಬಾಗಿಲು ನೋಡ್ತಾ ಕೂತ್ರೆ ಬರಲ್ಲ ಕಣೇ. ಇಂಥವರ ಬೆನ್ನ ಹಿಂದೆ ಸದ್ದಿಲ್ಲದೆ ಬಂದುಬಿಡ್ತಾನೆ. ಹೋಗು, ದಿಂಬಿನ ಕವರು ಬದಲಾಯಿಸು.”

ಮಗಳು ಹಲ್ಲು ಕಚ್ಚಿಕೊಂಡು ಬದಲಾಯಿಸುತ್ತಿದ್ದಳು. ಯೇಸಪ್ಪನ ಮೇಲೆ ಅವಳಿಗೆ ಕೋಪವಿರಲಿಲ್ಲ. ಅಮ್ಮನ ನಗು ತನಗಿಂತ ಗುರುತಿಲ್ಲದವರಿಗೇ ಒಂದು ಹಿಡಿ ಹೆಚ್ಚು ಅನ್ನಿಸಿ ಹೊಟ್ಟೆ ಉರಿಯುತ್ತಿತ್ತು.

ಆ ಮಗಳಿಗೆ ಈಗ ನಲವತ್ತು ದಾಟಿದೆ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಮನೆಯಲ್ಲಿ ಅವರಿಬ್ಬರೇ. ಅಮ್ಮನ ತಲೆಯಿಂದ ಒಂದೊಂದೇ ಹೆಸರು, ಒಂದೊಂದೇ ಮುಖ ಜಾರುತ್ತಾ ಹೋಗಿ, ಕೊನೆಗೆ ಮಗಳೂ ಜಾರಿದಳು. ಸಂಜೆ ಅವಳು ಬರುವ ಹೊತ್ತಿಗೆ ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತಿರುತ್ತಿದ್ದಳು.

“ತಪ್ಪು ತಿಳ್ಕೋಬೇಡಿ. ಯಾರ ಮನೆಯೋ ಗೊತ್ತಾಗಲಿಲ್ಲ. ಸ್ವಲ್ಪ ಸುಧಾರಿಸ್ಕೊಂಡು ಹೊರಡ್ತೀನಿ.”

“ಇದು ನಿನ್ನ ಮನೆ ಅಮ್ಮಾ! ನಾನು ನಿನ್ನ ಮಗಳು!”

ಅಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಚೀಲವನ್ನು ಎದೆಗವಚಿಕೊಳ್ಳುತ್ತಿದ್ದಳು. ತಟ್ಟೆ ಇಟ್ಟರೆ, “ಮನೆಯವರದು ಮೊದಲು ಆಗಲಿ,” ಅಂತ ದೂರ ಸರಿಸುತ್ತಿದ್ದಳು. ಊರಿಗೆಲ್ಲ ಬಡಿಸಿದವಳು ತನ್ನದೇ ಮನೆಯಲ್ಲಿ ತುತ್ತು ಮುಟ್ಟದೆ ಸೊರಗಿದಳು.

“ಏನವ್ವ, ಅಂಗಿಗೆ ಇಸ್ತ್ರಿ ಹಾಕ್ತಿದ್ದೀಯೋ, ಅದರ ಜೊತೆ ಜಗಳ ಆಡ್ತಿದ್ದೀಯೋ?” ಅಂದ ಲಾಂಡ್ರಿಯ ಯಜಮಾನ ಒಂದು ದಿನ.

“ಅಮ್ಮ ಊಟ ಮುಟ್ಟುತ್ತಿಲ್ಲ.”

“ಮಕ್ಕಳಿಗೆ ಗದರಿಸಿ ತಿನ್ನಿಸಲ್ವಾ? ಹಾಗೇ ಮಾಡು.”

ಆ ಸಂಜೆ ಅವಳು ಗದರಿಸಿಯೂ ನೋಡಿದಳು. ಅಮ್ಮ ಗಬಕ್ಕನೆ ಬಾಯಿ ತೆರೆದಳು. ಅಗಿಯದೆ ನುಂಗಿದಳು. ಕಣ್ಣಲ್ಲಿ ನೀರು.

“ತಿಂತೀನಿ. ಹೊಡೀಬೇಡಿ.”

ಮಗಳ ಕೈ ಅಲ್ಲೇ ನಿಂತಿತು. ತಟ್ಟೆಯನ್ನು ಕೆಳಗಿಟ್ಟು ಹೊರಗಿನ ಮೆಟ್ಟಿಲ ಮೇಲೆ ಕೂತಳು. ಒಳಗಿದ್ದವಳು ಪಾಪ, ಮರ್ಯಾದಸ್ಥ ನೆಂಟಳಂತೆಯೇ ನಡೆದುಕೊಂಡಿದ್ದಳು. ಕರೆಯದವರ ಮನೆಯಲ್ಲಿ ಉಣ್ಣಲು ಸಂಕೋಚಪಟ್ಟಿದ್ದಳು, ಅಷ್ಟೇ. ಕರೆಯುವವರೇ ಇರಲಿಲ್ಲ. ಒಂದೇ ಒಂದು ಸಲ ‘ಮಗಳೇ’ ಅನ್ನಿಸಿಕೊಳ್ಳಬೇಕೆಂಬ ಆಸೆಗೆ ತಾನು ಆ ಹಸಿದ ಜೀವವನ್ನು ದಿನವೂ ಹೆದರಿಸಿದ್ದೆ ಅಂತ ಅವಳಿಗೆ ಆಗ ತಿಳಿಯಿತು. ಆ ಆಸೆ ಬಿಡುವುದು ಸುಲಭವಿರಲಿಲ್ಲ. ತುಂಬ ಹೊತ್ತು ಕೂತಿದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ಬನ್ನಿ, ಯಾಕೆ ಬಾಗಿಲಲ್ಲೇ ಕೂತ್ರಿ? ನಿಮ್ಮ ದಾರೀನೇ ನೋಡ್ತಿದ್ದೆ.” ನಾಲಿಗೆಯ ತುದಿಗೆ ಬಂದ ‘ಅಮ್ಮ’ ಅನ್ನುವ ಮಾತನ್ನು ನುಂಗಿಕೊಂಡಳು.

“ನನ್ನ ದಾರೀನಾ?”

“ನಿಮ್ಮದೇ. ಅಡುಗೆ ಮಾಡಿದ್ದೂ ನಿಮಗೋಸ್ಕರವೇ.”

ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಚೀಲವನ್ನು ನೆಲಕ್ಕಿಟ್ಟಳು. ಕೈ ತೊಳೆದು ಬಂದು ಮೇಜಿನ ಮುಂದೆ ಕೂತು ಕಣ್ಣು ಮುಚ್ಚಿದಳು. ಎಷ್ಟೋ ಮರೆತಿದ್ದರೂ ಪ್ರಾರ್ಥನೆಯ ಧಾಟಿ ಮರೆತಿರಲಿಲ್ಲ.

“ಯೇಸಪ್ಪಾ, ಗುರುತು ಪರಿಚಯ ಇಲ್ಲದ ನನ್ನನ್ನ ಈ ಹೆಣ್ಣುಮಗಳು ಒಳಗೆ ಕರೆದಳು. ನೀನೂ ಬಾ, ನಮ್ಮ ಜೊತೆ ಕೂತ್ಕೋ. ದುಡಿದು ದಣಿದಿದ್ದಾಳೆ, ಅವಳ ಮುಖ ನೋಡು. ಅವಳನ್ನ ಹೆತ್ತ ಹೊಟ್ಟೆ ತಣ್ಣಗಿರಲಿ.”

“ಆಮೆನ್,” ಅಂದಳು ಮಗಳು.

ಅಮ್ಮ ಉಂಡಳು. ನಿಧಾನವಾಗಿ, ರುಚಿ ನೋಡುತ್ತಾ ಉಂಡಳು. ನಡುವೆ ತಲೆಯೆತ್ತಿ ಕೇಳಿದಳು: “ನಿಮ್ಮ ತಾಯಿ ಇದ್ದಾರಾ?”

“ಇದ್ದಾರೆ.”

“ದೂರಾನಾ?”

ಮಗಳು ಸೌಟನ್ನು ಪಾತ್ರೆಯೊಳಗೆ ಸುಮ್ಮನೆ ಆಡಿಸಿದಳು. “ಹತ್ರಾನೇ.”

“ಹಂಗಾದ್ರೆ ಹೋಗಿ ಬಂದು ಮಾಡ್ತಿರಮ್ಮ. ವಯಸ್ಸಾದವರು ಬಾಯಿಬಿಟ್ಟು ಬಾ ಅನ್ನಲ್ಲ. ಕಾಯ್ತಾ ಇರ್ತಾರೆ.”

“ಹೂಂ. ಇನ್ನೊಂಚೂರು ಹಾಕ್ಲಾ?”

ಅಮ್ಮ ನಕ್ಕು ತಟ್ಟೆಯನ್ನು ಮುಂದಕ್ಕೆ ಸರಿಸಿದಳು.