ಭಾವನ ಹಾಡಿಗೆ ನಾಲ್ಕು ತಾಲ್ಲೂಕಿನ ಅಭಿಪ್ರಾಯ

ನನ್ನ ಸೋದರತ್ತೆಯ ಮಗ ಬೆಳಗೊಳದ ಹತ್ತಿರದ ನಮ್ಮೂರಿನಲ್ಲಿ ನೀರು ಬಿಡುವವನು. ಪಂಚಾಯಿತಿ ಟ್ಯಾಂಕಿನ ವಾಲ್ವು ತಿರುಗಿಸುವುದು ಅವನ ಕೆಲಸ, ಹಾಡು ಕಟ್ಟಿ ಹಾಡುವುದು ಅವನ ಚಟ. ನನಗಿಂತ ದೊಡ್ಡವನು, ಆದ್ದರಿಂದ ಭಾವ. ಅವನು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಡಿಗ್ರಿ’ ಅನ್ನುತ್ತಾನೆ. ನಾನು ಬಿ.ಎ. ಪಾಸಾದ ದಿನದಿಂದ ಊರಿನಲ್ಲಿ ಅದೇ ನನ್ನ ಹೆಸರು. ಬೇಜಾರಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನೇ. ಬೆಳಿಗ್ಗೆ ಎರಡು ಹಸುವಿನ ಹಾಲು ಕರೆದು, ಡೈರಿಗೆ ಹಾಕಿ, ಕೈಯ ಸಗಣಿ ವಾಸನೆ ಹೋಗುವ ಮುಂಚೆಯೇ ಬಸ್ಸು ಹತ್ತಿ ಓದಿದ್ದೇನೆ. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಈಗಲೂ ಹೇಳಿದೆ.

ಭಾವ ಏಳು ಹಾಡುಗಳ ಆಲ್ಬಮ್ ಮಾಡಿದ. ಪದ ಅವನವೇ, ರಾಗ ಹೆಚ್ಚುಪಾಲು ಅವರಮ್ಮನದು. ಮಂಡಿ ಕೈಕೊಡುವವರೆಗೂ ನನ್ನ ಅತ್ತೆ ನಾಟಿ ಗದ್ದೆಗೆ ಇಳಿದು ಹಾಡುತ್ತಿದ್ದವಳು. ಅವಳು ಒಂದು ಸಾಲು ಹಾಡಿ ನಿಲ್ಲಿಸುತ್ತಿದ್ದಳು, ಮಿಕ್ಕ ಹೆಂಗಸರು ಅದೇ ಸಾಲನ್ನು ಎತ್ತಿಕೊಂಡು ಸೊಲ್ಲು ಹೇಳುತ್ತಿದ್ದರು. ಗದ್ದೆ ಮುಗಿಯುವವರೆಗೂ ಹಾಡು ಮುಗಿಯುತ್ತಿರಲಿಲ್ಲ.

ಮೈಸೂರಿನ ಸ್ಟುಡಿಯೋಗೆ ನಾನೂ ಹೋಗಿದ್ದೆ, ಓದಿದವನೊಬ್ಬ ಜೊತೆಗಿರಲಿ ಅಂತ. ನಾಟಿ ಹಾಡಿನ ಸರದಿ ಬಂದಾಗ ಭಾವ ಒಂದು ಸಾಲು ಹಾಡಿ ಸುಮ್ಮನೆ ನಿಂತ. ಕೀಬೋರ್ಡಿನವನು ಮುಖ ನೋಡಿದ.

“ಇಲ್ಲಿ ಎಂಗುಸ್ರು ಹೇಳ್ಬೇಕು ಸಾ. ನಾಳೀಕೆ ನಮ್ಮೂರಿಂದ ಒಂದೈದಾರು ಜನನ ಕರ್ಕಂಡ್ ಬತ್ತೀನಿ” ಅಂದ ಭಾವ.

“ಯಾಕ್ ಬಾವ? ಖಾಲಿ ಬುಟ್ರೆ ಕೇಳೋರು ಹಾಡು ನಿಂತೋಯ್ತು ಅನ್ಕತಾರೆ. ಅಲ್ಲಿ ಮ್ಯೂಸಿಕ್ಕು ತುಂಬ್ಸು” ಅಂದೆ ನಾನು.

ಕಾಲೇಜಿನ ಭಾವಗೀತೆ ಸ್ಪರ್ಧೆಯಲ್ಲಿ ನನಗೆ ಎರಡನೇ ಬಹುಮಾನ ಬಂದಿತ್ತು. ಸ್ಪರ್ಧೆಯಲ್ಲಿ ಇದ್ದವರೇ ಮೂವರು ಎಂಬುದನ್ನು ಅಲ್ಲಿ ಹೇಳಲಿಲ್ಲ. ಭಾವ ತಲೆ ಕೆರೆದುಕೊಂಡು, ಓದಿದವನ ಮಾತು ಅಂತ ಒಪ್ಪಿದ. ಕೀಬೋರ್ಡಿನವನು ಪ್ರತಿ ಸಾಲಿನ ಬಾಲಕ್ಕೂ ಕೊಳಲಿನಂಥ ಒಂದು ಸದ್ದು ಕಟ್ಟಿದ. ನಾಲ್ಕು ನಿಮಿಷಕ್ಕೆ ಹಾಡು ಮುಗಿಯಿತು.

ಆಲ್ಬಮ್ ಮೊಬೈಲಿಗೆ ಬಂದ ದಿನ ಊರಿಗೆ ಊರೇ ಹೊಗಳಿತು. ಆದರೆ ನೀರು ಬಿಡುವವನ ಹಾಡನ್ನು ಬಯ್ಯುವ ಧೈರ್ಯ ಯಾವ ಊರಿಗಿದೆ? “ಬಾಳ ಚೆನ್ನಾಗದೆ ಕಣಪ್ಪ, ಅಂಗೇ ನಮ್ ಬೀದೀಗೆ ಇನ್ನೊಂದರ್ಧ ಗಂಟೆ ನೀರ್ ಬುಡು” ಅನ್ನುವ ಅಭಿಪ್ರಾಯವನ್ನು ಎಷ್ಟೂಂತ ನಂಬುವುದು? ಭಾವನಿಗೆ ಬೇಕಾಗಿದ್ದುದು ಒಬ್ಬಳ ಮಾತು. ಅವರಮ್ಮ ನಾಟಿ ಹಾಡನ್ನು ಮೂರು ಸಲ ಕೇಳಿದ್ದಳು. ಮೂರು ಸಲವೂ ಫೋನು ವಾಪಸ್ಸು ಕೊಟ್ಟು, “ಉಣ್ಣೋಗು, ಮುದ್ದೆ ಆರೋಯ್ತದೆ” ಅಂದಿದ್ದಳು. ಅಷ್ಟೆ.

“ಚೆನ್ನಾಗಿಲ್ಲ ಅಂತಾನಾರ ಅನ್ಬಾರ್ದಾ ಡಿಗ್ರಿ? ಅವ್ವ ಇಂಗೇ ಸುಮ್ಕಿದ್ರೆ ನಾನಿನ್ನು ಪದ ಕಟ್ಟಕಿಲ್ಲ ಕಣ್ಲಾ. ವಾಲ್ವು ತಿರುಗಿಸ್ಕಂಡು ಇದ್ಬುಡ್ತೀನಿ” ಅಂದ ಭಾವ. ಆಮೇಲೆ ಅವನಿಗೇ ಒಂದು ಉಪಾಯ ಹೊಳೆಯಿತು. “ನೀನು ನಾಕು ತಾಲ್ಲೂಕು ತಿರುಗೋನು. ನನ್ ನಲ್ಲಿ ನೀರು ಕುಡೀದೆ ಇರೋರನ್ನ ಕೇಳು. ಬರ್ಕಬಾ. ಅವ್ವನ ಮುಂದೆ ಓದ್ಬುಡನ, ಆಗ್ಲಾರ ಬಾಯ್ ಬುಡ್ತಾಳೇನೋ.”

ತಿರುಗುವುದು ನಿಜ. ಊರು ಶ್ರೀರಂಗಪಟ್ಟಣ ತಾಲ್ಲೂಕು, ಬಾಡಿಗೆ ಮನೆ ಪಾಂಡವಪುರ, ಕೆಲಸ ನಾಗಮಂಗಲದ ಒಂದು ಕಚೇರಿ, ಹೆಂಡತಿಯ ತವರು ಕೆ.ಆರ್. ಪೇಟೆ ಕಡೆ, ಮಾಕವಳ್ಳಿ ಹತ್ತಿರ. ಕಚೇರಿಯಲ್ಲಿ ನಾನು ಅರ್ಜಿ ನೋಡುತ್ತೇನೆ. ಒಂದು ಕಾಲಂ ಖಾಲಿ ಇದ್ದರೂ ವಾಪಸ್ಸು ಕಳಿಸುವುದಕ್ಕೆ ಹೆಸರಾಗಿದ್ದೇನೆ. ಅದೇ ಶಿಸ್ತಿನಲ್ಲಿ ನೋಟುಪುಸ್ತಕಕ್ಕೆ ಗೆರೆ ಹಾಕಿದೆ: ಕ್ರಮಸಂಖ್ಯೆ, ಕೇಳುಗರು, ತಾಲ್ಲೂಕು, ಅಭಿಪ್ರಾಯ.

ಪಕ್ಕದ ಮೇಜಿನವರಿಗೆ ಹಾಡುಗಳನ್ನು ಕಳಿಸಿದ ಅರ್ಧ ನಿಮಿಷಕ್ಕೆ ‘ಏಳೂ ಸೂಪರ್’ ಅಂತ ಬಂತು. ಏಳು ಹಾಡನ್ನು ಅರ್ಧ ನಿಮಿಷದಲ್ಲಿ ಕೇಳುವ ಶಕ್ತಿ ಸರ್ಕಾರಿ ನೌಕರರಿಗೆ ಮಾತ್ರ ಇದೆ. ಬರೆದುಕೊಂಡೆ. ಕಚೇರಿ ಮುಂದೆ ಎಳನೀರು ಕೊಚ್ಚುವ ಯಜಮಾನ ಮಾತ್ರ ಮಚ್ಚು ಕೆಳಗಿಟ್ಟು ಪೂರ್ತಿ ಕೇಳಿದ.

“ಏಳ್ ಪದದಲ್ಲಿ ಆರ್‍ರಲ್ಲಿ ನಾಲೆ ಅರೀತದಲ್ಲಾ ಸಾ? ನಿಮ್ ಬಾವಂಗೆ ನೀರು ಬುಟ್ರೆ ಬ್ಯಾರೇನೂ ಗೊತ್ತಿಲ್ವಾ? ನಮ್ ಕಡೆ ಬಂದು ರಾಗಿ ಹೊಲದಲ್ಲಿ ಒಂದ್ವಾರ ನಿಂತ್ಕಳಕೇಳಿ. ಗಂಟ್ಲು ಒಣಗ್ತು ಅಂದ್ರೆ ಒಳ್ಳೊಳ್ಳೆ ಪದ ಬತ್ತವೆ.”

ಇದನ್ನು ‘ನಾಲೆಯ ವರ್ಣನೆ ಹೇರಳವಾಗಿದೆ’ ಎಂದು ಬರೆದೆ.

ಮಾಕವಳ್ಳಿಯಲ್ಲಿ ಫ್ಯಾಕ್ಟರಿ ಮುಂದೆ ಕಬ್ಬಿನ ಟ್ರಾಕ್ಟರುಗಳು ಸಾಲುಗಟ್ಟಿದ್ದವು. ನಮ್ಮ ಮಾವನ ಕಬ್ಬು ಹೇರಿಕೊಂಡು ಬಂದಿದ್ದ ಡ್ರೈವರನ ಕಿವಿಗೆ ಏಳನ್ನೂ ಹಾಕಿಸಿ, ಹೇಗಿದೆ ಅಂತ ಕೇಳಿದೆ. ಅವನು ಕಣ್ಣೇ ತೆರೆಯಲಿಲ್ಲ. “ಒಳ್ಳೆ ನಿದ್ದೆ ಬಂತಣ್ಣ. ಇನ್ನೊಂದ್ಸಲ ಹಾಕು, ಸಾಲು ಇನ್ನೂ ಉದ್ದ ಅದೆ” ಅಂದ. ‘ಮನಸ್ಸಿಗೆ ನೆಮ್ಮದಿ ನೀಡುತ್ತದೆ.’

ಪಾಂಡವಪುರದ ಮನೆಯಲ್ಲಿ ಹೆಂಡತಿ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿದಳು. “ಅಣ್ಣನ ಗಂಟ್ಲು ಚಿನ್ನದಂಗದೆ. ಆದ್ರೆ ನಾಟಿ ಪದದಲ್ಲಿ ಅದ್ಯಾವುದ್ರೀ ಪೀಪಿ, ಸಾಲ್ಸಾಲಿಗೂ ಅಡ್ಡ ಬತ್ತದೆ? ಯಾವ ಪುಣ್ಯಾತ್ಮ ಹಾಕ್ಸ್ದ ಅದನ್ನ?”

ಸಾರು ಘಮ್ ಅಂತದೆ ಅಂದೆ. ಅವಳ ಅಭಿಪ್ರಾಯದ ಮೊದಲ ವಾಕ್ಯವನ್ನು ಮಾತ್ರ ಪುಸ್ತಕಕ್ಕೆ ಏರಿಸಿದೆ.

ಭಾನುವಾರ ಊರಿಗೆ ಹೋದರೆ ಅತ್ತೆಯ ಗದ್ದೆಯಲ್ಲಿ ನಾಟಿ. ಎಂಟು ಹೆಂಗಸರು ಬಗ್ಗಿ ನೆಡುತ್ತಿದ್ದರು; ಅತ್ತೆ ಬದುವಿನ ಮೇಲೆ ಕಾಲು ನೀಡಿ ಕೂತು ಎಂಟು ಜನಕ್ಕೂ ಬಯ್ಯುತ್ತಿದ್ದಳು. ನಾನು ಪ್ಯಾಂಟು ಮಡಿಸಿ, ಅವಳ ಪಕ್ಕ ನಿಂತು, ಗಂಟಲು ಸರಿಮಾಡಿಕೊಂಡು ಕ್ರಮಸಂಖ್ಯೆ ಒಂದರಿಂದ ಓದಿದೆ. ಅತ್ತೆ ಪೂರ್ತಿ ಕೇಳಿದಳು.

“ಯಾರ್‍ದ್ಲಾ ಅದು, ಕಂದಾಯದ ನೋಟೀಸಾ?”

ಹೆಂಗಸರು ನಕ್ಕರು. ಭಾವನಿಗೆ ತಡೆಯಲಾಗಲಿಲ್ಲ. ಸಣ್ಣ ಸ್ಪೀಕರನ್ನು ಬದುವಿನ ಮೇಲಿಟ್ಟು ನಾಟಿ ಹಾಡನ್ನೇ ಹಾಕಿದ.

ನಾಲೆಗೆ ನೀರು ಬಂತು ಬಾರವ್ವ ತಂಗಿ...

ಬಗ್ಗಿದ್ದ ಹೆಂಗಸರು ರೂಢಿಯಂತೆ ಬಾಯಿ ತೆಗೆದರು. ‘ನಾಲೆಗೆ ನೀ’ ಅನ್ನುವಷ್ಟರಲ್ಲಿ ಕೊಳಲಿನ ಸದ್ದು ಮೇಲೆ ಬಿತ್ತು. ಅವರು ‘ಬಾರವ್ವ’ಕ್ಕೆ ಬರುವಾಗ ಸ್ಪೀಕರಿನ ಭಾವ ಎರಡನೇ ಸಾಲಿನಲ್ಲಿದ್ದ. ಅಟ್ಟಿಸಿಕೊಂಡು ಹೋದರು. ಮೂರನೇ ಸಾಲಿಗೆ ಕೈಬಿಟ್ಟು, ಸೊಂಟದ ಮೇಲೆ ಕೆಸರುಗೈ ಇಟ್ಟು ನಿಂತರು.

“ಅಕ್ಕೋ, ನಿನ್ ಮಗ ಒಬ್ನೇ ಹೇಳ್ಕಂಡು ಒಬ್ನೇ ಹೋಯ್ತಾವ್ನಲ್ಲೇ!”

“ಯಾರೋ ದೊಣ್ಣೆ ತಕಂಡು ಅಟ್ಟುಸ್ಕಂಡ್ ಬಂದಂಗೆ!”

“ಪದ ಮುಗ್ದೇ ಹೋಯ್ತು, ನಾವಿನ್ನೂ ಎಲ್ಡ್ ಸಾಲು ನೆಟ್ಟಿಲ್ಲ. ಯಾವ ಸೀಮೆ ನಾಟಿ ಪದಾನೋ ಕಾಣೆ.”

ಭಾವನ ಮುಖ ಸಪ್ಪಗಾಯಿತು. “ನೀನಾರ ಹೇಳವ್ವ” ಅಂದ.

“ಏನ್ಲಾ ಹೇಳ್ಲಿ? ನಾಟಿ ಗದ್ದೇಲಿ ಯಾರಾರ ಪದ ಚೆನ್ನಾಗದೆ ಅಂತ ಅಂದಿದ್ದ ಕಂಡಿದ್ದೀಯಾ? ಚೆನ್ನಾಗಿದ್ರೆ ಸೊಲ್ಲು ಹೇಳ್ತರೆ, ಇಲ್ದಿದ್ರೆ ಬಾಯ್ಮುಚ್ಕಂಡು ನೆಡ್ತರೆ. ಮೂರ್ ಸಲ ಕೇಳ್ದೆ. ಮೂರ್ ಸಲವೂ ನಾನು ಬಾಯ್ ತಗ್ಯೋ ಒತ್ಗೆ ನೀನು ಮುಂದ್ಕೋಗಿದ್ದೆ. ನಂಗೆ ಜಾಗನೇ ಮಡಗ್ದೆ, ಎಂಗದೆ ಅಂತ ನನ್ನೇ ಕೇಳ್ತೀಯಲ್ಲಾ! ಯಾವನ್ಲಾ ಆ ಪೀಪಿ ತುಂಬ್ಸಿದ್ದು?”

ಭಾವ ನನ್ನ ಕಡೆ ನೋಡಲಿಲ್ಲ. ನೀರು ನೋಡುತ್ತ ನಿಂತ. ಅವನು ಹಾಗೆ ನಿಂತಿದ್ದೇ ನನಗೆ ತಡೆಯದಾಯಿತು.

“ನಾನೇ ಅತ್ತೆ. ಎಂಗುಸ್ರನ್ನ ಕರ್ಕಂಬತ್ತೀನಿ ಅಂದಿದ್ದ. ನಾನೇ ಬ್ಯಾಡ ಅಂದೆ.”

ಅತ್ತೆ ನನ್ನನ್ನು ಪ್ಯಾಂಟಿನ ಮಡಿಕೆಯಿಂದ ಕನ್ನಡಕದವರೆಗೆ ಒಮ್ಮೆ ನೋಡಿದಳು. “ಅದ್ಕೇ ಅನ್ಕಂಡೆ. ಖಾಲಿ ಕಂಡ್ರೆ ತುಂಬ್ಲೇಬೇಕು ನಿಂಗೆ. ನಿಮ್ಮಪ್ಪ ಅಷ್ಟು ಓದ್ಸೋ ಬದ್ಲು ಒಂದ್ಸಲ ಗದ್ದೆಗೆ ಇಳ್ಸಿದ್ರೆ ಗೊತ್ತಾಗದು.”

ಉತ್ತರ ನಾಲಿಗೆಯ ಮೇಲೇ ಇತ್ತು: ಗದ್ದೆಗೆ ಇಳಿಯಬಾರದು ಅಂತಲೇ ನಾನು ಓದಿದ್ದು.

ಭಾವ ಸ್ಪೀಕರು ಆರಿಸಿ, ಪಂಚೆ ಎತ್ತಿ ಕಟ್ಟಿ, ಕೆಸರಿಗಿಳಿದ. ಮೊದಲ ಸಾಲು ಹಾಡಿದ. ನಿಲ್ಲಿಸಿದ. ಸ್ಟುಡಿಯೋದಲ್ಲಿ ನನಗೆ ದಿಗಿಲು ಹುಟ್ಟಿಸಿದ್ದ ಅದೇ ಖಾಲಿ, ನೀರಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಎಂಟು ಗಂಟಲು ಅದನ್ನು ಎತ್ತಿಕೊಂಡವು. ಅವುಗಳ ಹಿಂದೆ, ಒಂದು ಹೆಜ್ಜೆ ತಡವಾಗಿ, ಬದುವಿನಿಂದ ಒಡಕು ದನಿಯೊಂದು ಬಂತು. ಅತ್ತೆಯದು.

ಎರಡನೇ ಸಾಲು ಭಾವನ ಬಾಯಿಂದ ಹೊರಡಲಿಲ್ಲ.

“ಅಳಾದಾದ್ರೆ ಬದೀಗೋಗ್ ಅಳಪ್ಪ, ನಮ್ ಕೈ ನಿಂತೋಗವೆ” ಅಂದಳು ಒಬ್ಬಳು.

ಹೊರಟಿತು. ಆಲ್ಬಮಿನ ಪದವೆಲ್ಲ ಕಾಲು ಗದ್ದೆಗೇ ಖರ್ಚಾಯಿತು. ಪುಸ್ತಕಕ್ಕೆ ಏರಿಸದಿದ್ದ ಅಸಲಿ ಅಭಿಪ್ರಾಯಗಳನ್ನು ನಾನು ಬದುವಿನಿಂದಲೇ ಕೂಗಿ ಹೇಳಿದೆ. ಇನ್ನು ಪದ ಕಟ್ಟುವುದಿಲ್ಲ ಅಂದಿದ್ದವನು ನಿಂತ ಕಾಲಲ್ಲೇ ಕಟ್ಟತೊಡಗಿದ: ಗಂಟಲು ಒಣಗಿಸು ಅಂದ ಎಳನೀರಿನವನು ಬಂದ, ಹಾಡು ಕೇಳಿ ಗೊರಕೆ ಹೊಡೆದ ಟ್ರಾಕ್ಟರಿನವನು ಬಂದ. ಖಾಲಿ ಕಂಡಲ್ಲೆಲ್ಲ ಪೀಪಿ ಇಡುವ ಡಿಗ್ರಿಯೂ ಬಂದ. ಆ ಸಾಲಿಗೆ ಮಾತ್ರ ಅತ್ತೆ ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಜೋರಾಗಿ ಸೊಲ್ಲು ಹೇಳಿದಳು.

ನನಗೂ ಉಮೇದು ಬಂತು. ಎರಡನೇ ಬಹುಮಾನದ ಗಂಟಲು. ಒಂದು ಸಾಲು ಎತ್ತಿಕೊಂಡೆ.

“ನೀನ್ ಬ್ಯಾಡ ಕಣಪ್ಪ” ಅಂದಳು ಹತ್ತಿರದಲ್ಲಿದ್ದವಳು, ತಲೆ ಎತ್ತದೆ. “ನೀನು ಪೈರ್ ಎಸಿ.”

ಪ್ಯಾಂಟನ್ನು ಇನ್ನೊಂದು ಮಡಿಕೆ ಮೇಲಕ್ಕೇರಿಸಿ, ನೋಟುಪುಸ್ತಕವನ್ನು ಅತ್ತೆಯ ಪಕ್ಕ ಇಟ್ಟು ಇಳಿದೆ. ಪೈರಿನ ಕಟ್ಟು ಎಸೆಯುತ್ತ ತಿರುಗಿ ನೋಡಿದರೆ, ಅತ್ತೆ ಆ ಪುಸ್ತಕವನ್ನು ಕುಂಡಿ ಕೆಳಗೆ ಹಾಕಿಕೊಂಡು, ತೇವ ತಾಗದಂತೆ ಆರಾಮಾಗಿ ಕೂತು ಹಾಡುತ್ತಿದ್ದಳು.