ಒಂಬತ್ತನೇ ಹಲಗೆ

ನಮ್ಮವ್ವ ಸಿಟ್ಟು ಬಂದರೆ ಬೈಯುತ್ತಾಳೆ. ಬಹಳ ಸಿಟ್ಟು ಬಂದರೆ ಪಾತ್ರೆಗಳ ಜೊತೆ ಮಾತಾಡುತ್ತಾಳೆ. ಎರಡನ್ನೂ ನಾನು ಚೆನ್ನಾಗಿ ಮಿಮಿಕ್ರಿ ಮಾಡುತ್ತೇನೆ. ಆದರೆ ಕಳೆದ ಶನಿವಾರ ಅವಳು ಬೈಯಲಿಲ್ಲ. ಪಾತ್ರೆಗಳನ್ನೂ ಮಾತಾಡಿಸಲಿಲ್ಲ. ಒಂದು ಹಲಗೆಯ ಮೇಲೆ ಅಂಗೈ ಆಡಿಸಿ ಮೆಲ್ಲಗೆ ಕೇಳಿದಳು:

"ನನ್ನ ಒಂಬತ್ತು ಎಲ್ಲಿ ಹೋತು?"

ಆ ದನಿಯನ್ನು ಮಿಮಿಕ್ರಿ ಮಾಡಲು ನನಗೆ ಬರುವುದಿಲ್ಲ.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ: ಸ್ಕ್ರೋಲ್ ಸಾ. (ಗೊತ್ತಿಲ್ಲದವರಿಗೆ: ಹೊಲಿಗೆ ಯಂತ್ರದ ತಮ್ಮನಂತಿರುವ ಒಂದು ಮಷಿನ್. ಸೂಜಿಯ ಜಾಗದಲ್ಲಿ ದಾರದಷ್ಟು ಸಣ್ಣ ಗರಗಸ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ಅದರೆದುರು ಕಟ್ಟಿಗೆ ತಿರುಗಿಸುತ್ತ ಹೋದರೆ ಬಳ್ಳಿ, ಗಿಳಿ, ನವಿಲು ಏನು ಬೇಕಾದರೂ ಬರುತ್ತದೆ. ನನ್ನ ಮೊದಲ ನವಿಲನ್ನು ನೋಡಿದವರೆಲ್ಲ ಕೋಳಿ ಎಂದರು. ನಾನೂ ಕೋಳಿ ಎಂದೇ ಗಿಫ್ಟ್ ಕೊಟ್ಟೆ.)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಜಾಲಾಡಿದರೆ ಈ ಹುಚ್ಚಿನವರು ಹದಿನಾರು ಮಂದಿ ಸಿಗುತ್ತೇವೆ. ಒಂದು ವಾಟ್ಸಾಪ್ ಗ್ರೂಪ್, ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಕೂಟ. ನಮ್ಮೆಲ್ಲರ ಗುರು ಹಡಗಲಿಯ ಟೈಲರ್ ಶಾಂತಕ್ಕ. "ಬಟ್ಟಿ ತಿರುಗಿಸಿದಂಗ ತಿರುಗಸಪ್ಪ. ದಬ್ಬಬ್ಯಾಡ, ಅದೇನು ಕೆಟ್ಟು ನಿಂತ ಬಸ್ಸಾ?" ಎನ್ನುತ್ತಾರೆ. ಹಿರಿಯರು ಹರಪನಹಳ್ಳಿಯ ರಿಟೈರ್ಡ್ ಕಂಡಕ್ಟರ್ ರುದ್ರಪ್ಪನವರು. ಒಮ್ಮೆ ನಾನು ಅವರ ದನಿಯಲ್ಲೇ "ಈ ಭಾನುವಾರ ಬಾಗಳಿಯಲ್ಲಿ ಕೂಟ, ಎಲ್ರೂ ಬರ್ರಿ" ಎಂದು ಗ್ರೂಪಿಗೆ ವಾಯ್ಸ್ ನೋಟ್ ಹಾಕಿದ್ದೆ. ಇಬ್ಬರು ನಂಬಿ ಬಾಗಳಿಗೆ ಹೋದರು. ಒಬ್ಬರು ರುದ್ರಪ್ಪನವರೇ.

ನಮ್ಮ ಬಳಗದಲ್ಲಿ ಒಂದು ಪದ್ಧತಿಯಿದೆ. ಅಂಗಡಿಯ ಹೊಸ ಕಟ್ಟಿಗೆ ತರುವುದಿಲ್ಲ. ಯಾರದೋ ಮನೆಯ ಮುರಿದ ಮಂಚ, ಹಳೇ ಕಿಟಕಿ ತರುತ್ತೇವೆ. ಸ್ಯಾಂಡ್ ಪೇಪರ್ ಮುಟ್ಟುವ ಮೊದಲು ಆ ಕಟ್ಟಿಗೆಯ ಕಥೆ ಕೇಳಬೇಕು. ಯಾರ ಮಂಚ? ಯಾರ ಬಾಣಂತನ ಅದರ ಮೇಲಾಯಿತು? ಹಂಪಸಾಗರದ ಒಂದು ಕಿಟಕಿಯ ಕಥೆಯನ್ನು ನಾನು ಎರಡು ಗಂಟೆ ಕೇಳಿದ್ದೇನೆ, ಮೂರು ಸಲ ಚಹಾ ಕುಡಿದು.

ಇಂಥ ನಾನು ನಮ್ಮ ಮನೆಯ ಹಲಗೆಯ ಕಥೆ ಕೇಳಲಿಲ್ಲ. ನಮ್ಮದೇ ಅಲ್ಲವೇ, ಕೇಳುವುದೇನು?

ಅದು ತಾತನ, ಅಂದರೆ ಅವ್ವನ ಅಪ್ಪನ ಕಿರಾಣಿ ಅಂಗಡಿಯ ಹಲಗೆ. ಆಗ ಕೊಟ್ಟೂರಿನ ಅಂಗಡಿಗಳಿಗೆ ಶಟರ್ ಇರಲಿಲ್ಲ. ಉದ್ದುದ್ದ ಹಲಗೆಗಳನ್ನು ಒಂದೊಂದಾಗಿ ಗಾಡಿಯಲ್ಲಿ ಜಾರಿಸಿ ಬಾಗಿಲು ಮುಚ್ಚುತ್ತಿದ್ದರು. (ಗಾಡಿ ಅಂದರೆ ಎತ್ತಿನದಲ್ಲ, ಹೊಸ್ತಿಲಲ್ಲಿ ಕೊರೆದ ಸಾಲು.) ಹಲಗೆಗೊಂದು ನಂಬರ್. ಕ್ರಮ ತಪ್ಪಿದರೆ ಕೊನೆಯದು ಕೂಡುತ್ತಿರಲಿಲ್ಲ. ಅಂಗಡಿ ಮುಚ್ಚಲು ಕಾಲು ಗಂಟೆ ಬೇಕಿತ್ತು. ಆ ಕಾಲು ಗಂಟೆಯಲ್ಲಿ ಓಣಿಯ ಸುದ್ದಿಯೆಲ್ಲ ಮುಗಿಯುತ್ತಿತ್ತು. ಈಗಿನ ಶಟರ್ 'ಘರ್ರ್' ಎಂದು ಒಂದೇ ಉಸಿರಿಗೆ ಇಳಿಯುತ್ತದೆ. ಯಾರು ಯಾರನ್ನು ಮಾತಾಡಿಸಬೇಕು?

ಒಂಬತ್ತರಲ್ಲಿ ಉಳಿದದ್ದು ಒಂದೇ ಹಲಗೆ. ಅವ್ವನ ಮಂಚದ ಕೆಳಗಿತ್ತು. "ಭಾನುವಾರ ಕೂಟ ನಮ್ಮನೇಲಿ ಐತಿ, ಅದನ್ನ ತಗೊಳ್ಳಾ?" ಎಂದಿದ್ದಕ್ಕೆ "ತಗೋ, ಏನಾರ ಚಂದಾಗಿ ಮಾಡು" ಎಂದು ಹೇಳಿ ಅವಳು ಇಟ್ಟಿಗಿಯ ಚಿಕ್ಕಮ್ಮನ ಮನೆಗೆ ಹೋದಳು. ನಾನು ಸ್ಯಾಂಡಿಂಗ್ ಮಷಿನ್ ಹಿಡಿದು ಎರಡೂ ಬದಿ ಉಜ್ಜಿದೆ. ಕೆಳಭಾಗದಲ್ಲೊಂದು ಕಪ್ಪು ಕಲೆ ಬಹಳ ಸತಾಯಿಸಿತು. ಬಿಡಲಿಲ್ಲ. ಸಾಗವಾನಿ ಚಿನ್ನದ ಬಣ್ಣಕ್ಕೆ ತಿರುಗಿತು. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಹದಿನೈದು ಹೆಬ್ಬೆಟ್ಟು ಬಂದವು.

ಸಂಜೆ ಅವ್ವ ಬಂದು ಆ ಪ್ರಶ್ನೆ ಕೇಳಿದಳು.

"ಉಳಿದ ಎಂಟಕ್ಕೂ ಅಪ್ಪ ಮ್ಯಾಗ ನಂಬರ್ ಬರದಿದ್ದ. ನಾ ಗಿಡ್ಡಿ, ನಂಗ ಕಾಣವಲ್ದು ಅಂತ ಅತ್ತಿದ್ದೆ. ಅದಕ್ಕ ಒಂಬತ್ತು ಮಾತ್ರ ಕೆಳಗ ಬರದ. ದಿನಾ ಸಂಜಿಕಿ ಕೊನೀ ಹಲಗಿ ತಬ್ಬಿಕೊಂಡು ಅಪ್ಪಗ ನಾನ ಕೊಡಬೇಕು. ಮೂಗಿನ ಮುಂದ ಇರ್ತಿತ್ತು ಅದು."

ತಾತನ ಫೋಟೋ ಇದೆ. ಆದರೆ ಅವನ ಕೈಬರಹ ಅಂತ ಉಳಿದದ್ದು ಆ ಒಂದು ಕನ್ನಡ ಅಂಕಿ. ಅದನ್ನು ನಾನು ಪುಡಿ ಮಾಡಿ ಗುಡಿಸಿ ಚೆಲ್ಲಿದ್ದೆ.

ಭಾನುವಾರ ಬಳಗ ಬಂತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟು ತಪ್ಪೊಪ್ಪಿಕೊಂಡೆ. ರುದ್ರಪ್ಪನವರು ಬಜ್ಜಿ ಕೆಳಗಿಟ್ಟರು. (ಅವರು ಬಜ್ಜಿ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.) ಮೊಬೈಲ್ ಟಾರ್ಚನ್ನು ಹಲಗೆಗೆ ಓರೆಯಾಗಿ ಹಿಡಿದು ಹುಡುಕಿದರು. ಗುರುತೇ ಇಲ್ಲ.

"ಎಂಥಾ ಕೆಲಸ ಮಾಡಿದ್ಯೋ ಮಾರಾಯಾ. ಎಲ್ರ ದನಿ ತೆಗಿತೀಯಲ್ಲ, ನಿಮ್ಮ ತಾತನ ಒಂಬತ್ತು ತೆಗಿ ನೋಡಾಣ?" ಎಂದರು.

ಹೇಗೆ ತೆಗೆಯಲಿ? ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದು ಕಲೆಯನ್ನು.

ಅವ್ವ ಪೇಪರಿನ ಅಂಚಿನಲ್ಲಿ ಬರೆದು ನೋಡಿದಳು. "ಇದಲ್ಲ." ಇನ್ನೊಂದು. "ಇದೂ ಅಲ್ಲ. ಬಾಲ ಬ್ಯಾರೆ ಇತ್ತು." ಪುಟವೆಲ್ಲ ಒಂಬತ್ತಾಯಿತು. ಒಂದೂ ತಾತನದಲ್ಲ. ಪೆನ್ನು ಬಿಸಾಕಿ ಎದ್ದು ಒಳಗೆ ಹೊರಟಳು.

ಆಗ ಶಾಂತಕ್ಕ ಕೇಳಿದರು. "ಅಕ್ಕಾ, ಅವಾಗ ನೀವು ಎಷ್ಟೆತ್ತರ ಇದ್ರಿ?"

ಅವ್ವ ಸೊಂಟದ ಹತ್ತಿರ ಕೈ ತೋರಿಸಿದಳು.

ಶಾಂತಕ್ಕ ಹಲಗೆಯನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿದರು. "ಹಂಗಾರ ಅಷ್ಟ ಎತ್ತರಕ್ಕ ಬರ್ರಿ. ಕುಂದರ್ರಿ ಇದರ ಮುಂದ. ತಬ್ಬಿಕೋರ್ರಿ."

ಅವ್ವ ನಾಚಿಕೊಂಡಳು. ಕೂತಳು. ಎರಡೂ ಕೈಯಿಂದ ಹಲಗೆ ಹಿಡಿದು ಮೂಗು ತಾಗಿಸಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಆಮೇಲೆ ಕೈ ಚಾಚಿದಳು. ಶಾಂತಕ್ಕ ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಟ್ಟರು. ಅವ್ವ ಒಂದೇ ಎಳೆತಕ್ಕೆ ಬರೆದಳು. ಹೊಟ್ಟೆ ದಪ್ಪ, ಬಾಲ ಸರ್ರನೆ ಮೇಲಕ್ಕೆ.

"ಇದು," ಎಂದಳು. "ಇದ ನೋಡು ನಮ್ಮಪ್ಪಂದು."

ರುದ್ರಪ್ಪನವರು ಚಸ್ಮಾ ಒರೆಸಿಕೊಂಡು, ಸುತ್ತಲೂ ಹಲ್ಲಿರುವ ಸುರುಳಿ ಗರಗಸ ಹುಡುಕತೊಡಗಿದರು. ಅದಾದರೆ ಉದ್ದ ಹಲಗೆಯನ್ನು ತಿರುಗಿಸದೆಯೇ ಆ ಒಂಬತ್ತನ್ನು ಗೆರೆಗುಂಟ ಕೊರೆಯಬಹುದು. ನಾನು ಹಲಗೆಗೆ ಕೈ ಅಡ್ಡ ಹಿಡಿದೆ. ಜಾರಿದರೆ ಮತ್ತೆ ಹೋಯಿತಲ್ಲ?

"ಬ್ಯಾಡವ್ವಾ," ಎಂದೆ. "ಪೆನ್ಸಿಲಿಂದು ಹಿಂಗ ಇರ್ಲಿ. ಇಷ್ಟು ಚಂದ ಬರದೀಯಲ್ಲ."

ಅವ್ವ ಮೊಣಕಾಲಿನ ಧೂಳು ಕೊಡವುತ್ತ ಎದ್ದಳು.

"ಕೊರಿಯಲೇ ಸುಮ್ನ. ಬರದದ್ದನ್ನ ಉಜ್ಜಿದಿ, ತೂತನ್ನ ಹೆಂಗ ಉಜ್ಜತಿ ನೋಡ್ತೀನಿ."